ಸವದತ್ತಿ ಗುಡ್ಡದ ಗಾಳಿಯಂತ್ರ

ಗಾಳಿಯಂತ್ರವು ಬೀಸುವ ಗಾಳಿಯ ಶಕ್ತಿಯಲ್ಲಿ ಒಂದಷ್ಟನ್ನು ಹಿಡಿದಿಟ್ಟು ವಿದ್ಯುತ್ತಾಗಿ ಮಾರ್ಪಡಿಸುತ್ತದೆ. ಬೆಳಗಾವಿ ಜಿಲ್ಲೆಯ ಸವದತ್ತಿ ಸುತ್ತಲಿನ ಗುಡ್ಡಗಳ ನೆತ್ತಿಯ ಮೇಲೆ ಸಾಲಾಗಿ ನಿಂತಿರುವ ಈ ಯಂತ್ರಗಳನ್ನು ಊರ ಜನ ‘ಫ್ಯಾನು’ ಎನ್ನುತ್ತಾರೆ. ಹೆಸರು ರೂಪಕ್ಕೆ ಒಪ್ಪುತ್ತದೆ, ಕೆಲಸ ಮಾತ್ರ ತಿರುವುಮುರುವು. ಮನೆಯ ಫ್ಯಾನು ಕರೆಂಟು ತಿಂದು ಗಾಳಿ ಕೊಟ್ಟರೆ, ಗುಡ್ಡದ ಫ್ಯಾನು ಗಾಳಿ ತಿಂದು ಕರೆಂಟು ಕೊಡುತ್ತದೆ.

ಯಂತ್ರಗಳು ಈ ಗುಡ್ಡಗಳನ್ನೇ ಹುಡುಕಿಕೊಂಡು ಬಂದದ್ದಕ್ಕೆ ಕಾರಣ ಕಲ್ಲಿನಲ್ಲೂ ಇದೆ, ಮುಂಗಾರಿನಲ್ಲೂ ಇದೆ. ಭೂವಿಜ್ಞಾನಿಗಳು ಇಲ್ಲಿನ ಬಂಡೆಗಳನ್ನು ಕಲಾದಗಿ ಶಿಲಾಸಮೂಹಕ್ಕೆ ಸೇರಿಸುತ್ತಾರೆ. ಅದರ ತಳದ ಪದರಕ್ಕೆ ರಾಮದುರ್ಗದ ಹೆಸರು, ಆ ಪದರದ ಗಟ್ಟಿ ಬೆಣಚುಗಲ್ಲಿಗೆ ಸವದತ್ತಿಯ ಹೆಸರು. ನೂರು ಕೋಟಿ ವರ್ಷಕ್ಕೂ ಹಳೆಯದಾದ ಈ ಕಲ್ಲು ಸುಲಭಕ್ಕೆ ಸವೆಯುವುದಿಲ್ಲ. ಸುತ್ತಲಿನ ನೆಲ ತಗ್ಗಿದಂತೆಲ್ಲ ಇದು ಉದ್ದನೆಯ ಗುಡ್ಡಸಾಲಾಗಿ ಉಳಿದುಕೊಂಡಿತು. ಮಲಪ್ರಭೆ ಈ ಸಾಲನ್ನು ಸೀಳಿಕೊಂಡು ಹೋದ ಜಾಗವೇ ನವಿಲುತೀರ್ಥ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅರಬ್ಬಿ ಸಮುದ್ರದ ಕಡೆಯಿಂದ ಬರುವ ಗಾಳಿ ಸಹ್ಯಾದ್ರಿಯನ್ನು ಹತ್ತುವಾಗಲೇ ಬಹುಪಾಲು ಮಳೆ ಸುರಿಸಿಬಿಡುತ್ತದೆ. ಕಿತ್ತೂರು ದಾಟಿ ಬೈಲಹೊಂಗಲದ ಎರೆ ಬಯಲಿಗೆ ಬರುವಷ್ಟರಲ್ಲಿ ಅದರಲ್ಲಿ ಮಳೆ ಕಡಿಮೆ, ಓಟ ಜಾಸ್ತಿ. ಬಯಲು ದಾಟಿದ ಆ ಗಾಳಿಗೆ ಸವದತ್ತಿಯ ಗುಡ್ಡಸಾಲು ಅಡ್ಡ ಬರುತ್ತದೆ. ಗುಡ್ಡವೇರುವ ಗಾಳಿ ನೆತ್ತಿಯಲ್ಲಿ ಇಕ್ಕಟ್ಟಾದ ದಾರಿಯಲ್ಲಿ ನುಗ್ಗಬೇಕಾಗುತ್ತದೆ, ಹಾಗಾಗಿ ಅಲ್ಲಿ ಅದರ ವೇಗ ಬಯಲಿಗಿಂತ ಹೆಚ್ಚು. ಗಾಳಿ ಬಂದಾಗ ತೂರಿಕೋ ಎಂಬ ಗಾದೆ ಹುಟ್ಟಿದ್ದು ಕಣದಲ್ಲಿ. ಜೋಳ ತೂರಲು ಹದವಾದ ಗಾಳಿ ಸಾಕು, ಬಿರುಗಾಳಿಯಾದರೆ ಕಾಳೂ ಹಾರಿಹೋಗುತ್ತದೆ. ಗುಡ್ಡದ ಯಂತ್ರಕ್ಕೆ ಬೇಕಾದದ್ದು ಆಷಾಢದ ಗಾಳಿ.

ವೇಗದ ಮೇಲೆ ಇಷ್ಟು ಒತ್ತು ಏಕೆ? ಗಾಳಿಯಲ್ಲಿರುವ ಶಕ್ತಿ ಅದರ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ. ವೇಗ ಇಮ್ಮಡಿಯಾದರೆ ಶಕ್ತಿ ಎಂಟು ಪಟ್ಟು. 80 ಮೀಟರ್ ವ್ಯಾಸದ ಚಕ್ರವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಹುದು. ಅದರ ಮೂರು ರೆಕ್ಕೆಗಳು ಸುತ್ತುವ ವೃತ್ತದ ವಿಸ್ತೀರ್ಣ ಸುಮಾರು 5,000 ಚದರ ಮೀಟರ್, ಅಂದರೆ ಹೆಚ್ಚುಕಡಿಮೆ 50 ಗುಂಟೆ ಹೊಲದಷ್ಟು. ಸೆಕೆಂಡಿಗೆ 8 ಮೀಟರ್ ವೇಗದ ಗಾಳಿ ಬೀಸುವಾಗ ಈ ‘ನಿಂತ ಹೊಲ’ವನ್ನು ಪ್ರತಿ ಸೆಕೆಂಡಿಗೆ ಸುಮಾರು 44 ಟನ್ ಗಾಳಿ ಹಾದುಹೋಗುತ್ತದೆ. ಅದರಲ್ಲಿರುವ ಶಕ್ತಿ ಸುಮಾರು 1,400 ಕಿಲೋವಾಟ್. ಗಾಳಿಯ ವೇಗ 4 ಮೀಟರಿಗೆ ಇಳಿದರೆ ಅದು 180 ಕಿಲೋವಾಟ್‌ನ ಆಸುಪಾಸಿಗೆ ಕುಸಿಯುತ್ತದೆ.

ಅಷ್ಟನ್ನೂ ಹಿಡಿಯಲು ಬರುವುದಿಲ್ಲ. ಪೂರ್ತಿ ಹಿಡಿದರೆ ಗಾಳಿ ಚಕ್ರದ ಹಿಂದೆಯೇ ನಿಂತುಬಿಡುತ್ತದೆ, ಹೊಸ ಗಾಳಿ ಬರಲು ಜಾಗವೇ ಇರುವುದಿಲ್ಲ. ಹೆಚ್ಚೆಂದರೆ ಶೇ. 59.3ರಷ್ಟು ಮಾತ್ರ ಸಿಕ್ಕೀತು ಎಂದು ಜರ್ಮನಿಯ ಆಲ್ಬರ್ಟ್ ಬೆಟ್ಜ್ ಸುಮಾರು ನೂರು ವರ್ಷಗಳ ಹಿಂದೆ ಗಣಿತದಿಂದ ತೋರಿಸಿದ. ಇಂದಿನ ಒಳ್ಳೆಯ ಯಂತ್ರಗಳು ಶೇ. 40ರಿಂದ 45ರವರೆಗೆ ತಲುಪುತ್ತವೆ.

ರೆಕ್ಕೆಯ ಅಡ್ಡಕೊಯ್ತ ವಿಮಾನದ ರೆಕ್ಕೆಯಂತೆಯೇ ಇರುತ್ತದೆ. ಗಾಳಿ ಅದನ್ನು ಬರೀ ಹಿಂದಕ್ಕೆ ದಬ್ಬುವುದಿಲ್ಲ, ಪಕ್ಕಕ್ಕೂ ಎತ್ತುತ್ತದೆ, ಆ ಎತ್ತುವ ಬಲವೇ ಚಕ್ರ ತಿರುಗಿಸುತ್ತದೆ. ನಿಮಿಷಕ್ಕೆ 18 ಸುತ್ತು ಎಂದರೆ ದೂರದಿಂದ ನೋಡುವವರಿಗೆ ಸೋಮಾರಿ ನಡೆ. ಆದರೆ ಅಷ್ಟು ದೊಡ್ಡ ಚಕ್ರದಲ್ಲಿ ರೆಕ್ಕೆಯ ತುದಿ ಗಂಟೆಗೆ 270 ಕಿಲೋಮೀಟರ್ ವೇಗದಲ್ಲಿ ಓಡುತ್ತಿರುತ್ತದೆ. ಕಂಬದ ತುದಿಯಲ್ಲಿರುವ ಪೆಟ್ಟಿಗೆಯೊಳಗಿನ ಗೇರುಗಳು ನಿಧಾನದ ಈ ತಿರುಗಾಟವನ್ನು ಸುಮಾರು ನೂರು ಪಟ್ಟು ಹೆಚ್ಚಿಸಿ ಜನರೇಟರಿಗೆ ಕೊಡುತ್ತವೆ. ಗೇರಿಲ್ಲದ ಮಾದರಿಗಳೂ ಇವೆ. ಜನರೇಟರಿನಿಂದ ಹೊರಟ ವಿದ್ಯುತ್ತು ಟ್ರಾನ್ಸ್‌ಫಾರ್ಮರಿನಲ್ಲಿ 33 ಸಾವಿರ ವೋಲ್ಟಿಗೆ ಏರಿ ಉಪಕೇಂದ್ರ ಸೇರುತ್ತದೆ.

ಪೆಟ್ಟಿಗೆಯ ನೆತ್ತಿಯಲ್ಲಿ ಗಾಳಿಯ ವೇಗ, ದಿಕ್ಕು ಅಳೆಯುವ ಪುಟ್ಟ ಸಾಧನಗಳಿರುತ್ತವೆ. ಅವು ಹೇಳಿದಂತೆ ಒಂದು ಗಣಕ ಇಡೀ ತಲೆಯನ್ನು ಗಾಳಿಗೆ ಎದುರಾಗಿ ತಿರುಗಿಸುತ್ತದೆ. ಸೆಕೆಂಡಿಗೆ 3–4 ಮೀಟರ್ ವೇಗದಲ್ಲಿ ಯಂತ್ರ ಕೆಲಸ ಶುರು ಮಾಡುತ್ತದೆ. ವೇಗ 12–13 ಮೀಟರ್ ದಾಟಿದ ಮೇಲೆ ಗಣಕವು ರೆಕ್ಕೆಗಳನ್ನು ಸ್ವಲ್ಪ ಸ್ವಲ್ಪವೇ ಹೊರಳಿಸಿ ಹೆಚ್ಚಿನ ಗಾಳಿಯನ್ನು ಜಾರಲು ಬಿಡುತ್ತದೆ. 25 ಮೀಟರ್ ತಲುಪಿದರೆ ರೆಕ್ಕೆಗಳನ್ನು ಪೂರ್ತಿ ಹೊರಳಿಸಿ ಚಕ್ರವನ್ನೇ ನಿಲ್ಲಿಸುತ್ತದೆ. ಗಾಳಿ ಜೋರಾಗಿದ್ದಾಗಲೂ ಕೆಲವೊಮ್ಮೆ ಫ್ಯಾನು ನಿಂತಿರುವುದಕ್ಕೆ ಇದೂ ಒಂದು ಕಾರಣ.

ಸಾಲಿನಲ್ಲಿ ನಿಂತ ಯಂತ್ರಗಳ ನಡುವೆ ಒಂದು ಜಗಳವಿದೆ. ಮುಂದಿನದು ಶಕ್ತಿ ಹೀರಿಕೊಂಡ ಮೇಲೆ ಅದರ ಬೆನ್ನಿಗೆ ನಿಧಾನವಾದ, ಸುಳಿಸುಳಿಯಾದ ಗಾಳಿಯ ಬಾಲ ಉಳಿಯುತ್ತದೆ. ಹಿಂದಿನ ಯಂತ್ರಕ್ಕೆ ಆ ಎಂಜಲು ಗಾಳಿಯೇ ಗತಿ. ಪ್ರತಿ ಯಂತ್ರವೂ ತನಗೆ ಗರಿಷ್ಠ ಗಾಳಿ ಸಿಗುವಂತೆ ನಿಂತರೆ ಒಟ್ಟು ಸಾಲಿಗೆ ನಷ್ಟ. ಮುಂದಿನ ಯಂತ್ರವನ್ನು ಬೇಕೆಂದೇ ಗಾಳಿಗೆ ತುಸು ಓರೆಯಾಗಿ ನಿಲ್ಲಿಸಿದರೆ ಅದರ ಬಾಲ ಪಕ್ಕಕ್ಕೆ ಬಾಗುತ್ತದೆ, ಹಿಂದಿನದಕ್ಕೆ ಶುದ್ಧ ಗಾಳಿ ಸಿಗುತ್ತದೆ. ಸಂಶೋಧಕ ಮೈಕಲ್ ಹೌಲ್ಯಾಂಡ್ ಮತ್ತು ಸಂಗಡಿಗರು ಕೆನಡಾದ ಆಲ್ಬರ್ಟಾದಲ್ಲಿ ಆರು ಯಂತ್ರಗಳ ಮೇಲೆ ಇದನ್ನು ಪರೀಕ್ಷಿಸಿ 2019ರಲ್ಲಿ ಫಲಿತಾಂಶ ಪ್ರಕಟಿಸಿದರು. 2022ರಲ್ಲಿ ಪ್ರಕಟವಾದ ಮುಂದಿನ ಪ್ರಯೋಗ ನಡೆದದ್ದು ಭಾರತದ ಒಂದು ವಾಣಿಜ್ಯ ಗಾಳಿಕ್ಷೇತ್ರದಲ್ಲಿ. ಒಟ್ಟು ಉತ್ಪಾದನೆ ಶೇ. 1.2ರಷ್ಟು, 6ರಿಂದ 8 ಮೀಟರ್ ವೇಗದ ಗಾಳಿಯಲ್ಲಿ ಶೇ. 3ರಷ್ಟು ಹೆಚ್ಚಿತು. ಹೊಸ ಕಂಬ, ಹೊಸ ರೆಕ್ಕೆ, ಹೊಸ ಜಮೀನು ಯಾವುದೂ ಬೇಕಾಗಲಿಲ್ಲ. ಬದಲಾದದ್ದು ಗಣಕದೊಳಗಿನ ಲೆಕ್ಕ ಮಾತ್ರ. ಸಂಖ್ಯೆ ಚಿಕ್ಕದಾಗಿ ಕಂಡರೂ ನಿಂತಿರುವ ಯಂತ್ರಗಳಿಂದಲೇ ಸಿಕ್ಕ ಈ ಲಾಭ ದೊಡ್ಡದು.

ಲೆಕ್ಕ ಬದಲಿಸಿ ಉತ್ಪಾದನೆ ಹೆಚ್ಚಿಸಬಹುದಾದರೆ, ಅದೇ ದಾರಿಯಲ್ಲಿ ಒಳನುಗ್ಗಿ ಯಂತ್ರವನ್ನು ನಿಲ್ಲಿಸಲೂಬಹುದು. ಅಮೆರಿಕದ ಟಲ್ಸಾ ವಿಶ್ವವಿದ್ಯಾಲಯದ ಜೇಸನ್ ಸ್ಟ್ಯಾಗ್ಸ್ ಮತ್ತು ತಂಡದವರು ಕಂಪನಿಗಳ ಒಪ್ಪಿಗೆ ಪಡೆದೇ ಐದು ಗಾಳಿಕ್ಷೇತ್ರಗಳಲ್ಲಿ ಇದನ್ನು ಪರೀಕ್ಷಿಸಿ, 2017ರಲ್ಲಿ ಫಲಿತಾಂಶ ಮುಂದಿಟ್ಟರು. ಒಂದು ಕಡೆ ಕಂಬದ ಬುಡದ ಬಾಗಿಲಿನ ಸಾದಾ ಬೀಗ ತೆರೆದು, ಅಂಗೈಯಗಲದ ಅಗ್ಗದ ಗಣಕವೊಂದನ್ನು ಒಳಗಿನ ಜಾಲಕ್ಕೆ ಸಿಕ್ಕಿಸಲು ಅವರಿಗೆ ನಿಮಿಷವೂ ಬೇಕಾಗಲಿಲ್ಲ. ಅಲ್ಲಿಂದ ಆ ಯಂತ್ರಕ್ಕಷ್ಟೇ ಅಲ್ಲ, ಅದೇ ಜಾಲದ ಉಳಿದ ಯಂತ್ರಗಳಿಗೂ ಅಪ್ಪಣೆ ಕೊಡಲು ಸಾಧ್ಯವಿತ್ತು. ಅಪ್ಪಣೆ ಕೊಡುತ್ತಿರುವವರು ಯಾರು ಎಂದು ಯಂತ್ರ ಕೇಳುತ್ತಲೇ ಇರಲಿಲ್ಲ. ಬ್ರೇಕನ್ನು ಮತ್ತೆ ಮತ್ತೆ ಹಾಕಿಸಿ ಯಂತ್ರ ಸವೆಸುವುದು, ಎಲ್ಲ ಸರಿಯಿದೆ ಎಂಬ ಸುಳ್ಳು ಸುದ್ದಿಯನ್ನು ನಿಯಂತ್ರಣ ಕೊಠಡಿಗೆ ಕಳಿಸುವುದು, ಒಂದರಿಂದ ಒಂದಕ್ಕೆ ಸೋಂಕು ಹಬ್ಬಿಸುವುದು, ಹೀಗೆ ಮೂರು ಬಗೆಯ ದಾಳಿಗಳನ್ನು ಅವರು ಮಾಡಿ ತೋರಿಸಿದರು. ನೂರಾರು ಟನ್ ಉಕ್ಕಿನ ಯಂತ್ರದ ಅತಿ ದುರ್ಬಲ ಜಾಗಗಳಲ್ಲಿ ಅದರ ಬುಡದ ಬೀಗವೂ ಒಂದು ಎಂಬುದು ಈ ಅಧ್ಯಯನದ ಪಾಠ. ಯಂತ್ರಗಳು ಊರಿನಿಂದ ದೂರ, ಕಾವಲುಗಾರರಿಲ್ಲದ ಗುಡ್ಡಗಳ ಮೇಲೆ ನಿಲ್ಲುವುದರಿಂದ ಈ ಪಾಠ ಎಲ್ಲ ಕಡೆಗೂ ಸಲ್ಲುತ್ತದೆ.

2022ರ ಫೆಬ್ರವರಿ 24ರಂದು, ರಷ್ಯಾ ಉಕ್ರೇನಿನ ಮೇಲೆ ಯುದ್ಧ ಆರಂಭಿಸಿದ ದಿನ, ವಯಾಸ್ಯಾಟ್ ಕಂಪನಿಯ ಉಪಗ್ರಹ ಸಂಪರ್ಕ ಜಾಲದ ಮೇಲೆ ಗಣಕ ದಾಳಿ ನಡೆಯಿತು. ಜರ್ಮನಿಯ ಎನರ್ಕಾನ್ ಕಂಪನಿಯ ಸುಮಾರು 5,800 ಗಾಳಿಯಂತ್ರಗಳಿಗೂ ಪೆಟ್ಟು ತಗಲಿತು. ಅವುಗಳ ಒಟ್ಟು ಸಾಮರ್ಥ್ಯ 11 ಗಿಗಾವಾಟ್. ಅವು ನಿಲ್ಲಲಿಲ್ಲ, ಒಳಗಿನ ಗಣಕದ ಬಲದಲ್ಲಿ ತಾವಾಗಿಯೇ ತಿರುಗುತ್ತಿದ್ದವು. ಆದರೆ ದೂರದಿಂದ ಅವುಗಳ ಯೋಗಕ್ಷೇಮ ನೋಡುವ ಕಣ್ಣು ಕುರುಡಾಗಿತ್ತು. ಈ ದಾಳಿಗೂ ಮುಂಚೆಯೇ ಭಾರತದ ಕೇಂದ್ರ ವಿದ್ಯುತ್ ಪ್ರಾಧಿಕಾರ 2021ರ ಅಕ್ಟೋಬರಿನಲ್ಲಿ ವಿದ್ಯುತ್ ಕ್ಷೇತ್ರದ ಗಣಕ ಸುರಕ್ಷತೆಗೆ ಮಾರ್ಗಸೂಚಿ ಹೊರಡಿಸಿತು. ಈ ಸುರಕ್ಷತೆ ಏಕೆ ಬೇಕೆಂದರೆ, ವಿದ್ಯುತ್ ಜಾಲದ ಕಂಪನ ಸೆಕೆಂಡಿಗೆ 50ರ ಹತ್ತಿರವೇ ಇರಬೇಕು. ಒಮ್ಮೆಗೇ ನೂರಾರು ಯಂತ್ರಗಳು ಕೈಕೊಟ್ಟರೆ ಆ ತಾಳ ತಪ್ಪಿ, ದೂರದ ಊರುಗಳ ದೀಪಗಳೂ ಆರುವ ಅಪಾಯವಿರುತ್ತದೆ.

ಯಂತ್ರದ ಹತ್ತಿರ ಬದುಕುವವರ ಪ್ರಶ್ನೆ ಬೇರೆ. ಇದರ ಸದ್ದಿನಿಂದ ನಿದ್ದೆ ಕೆಡುತ್ತದೆಯೇ, ಕಿವಿಗೆ ಕೇಳಿಸದ ಕಂಪನದಿಂದ ತಲೆಸುತ್ತು ಬರುತ್ತದೆಯೇ ಎಂಬ ಆತಂಕ ಅನೇಕ ದೇಶಗಳಲ್ಲಿದೆ. 20 ಹರ್ಟ್ಜ್‌ಗಿಂತ ಕೆಳಗಿನ, ಮನುಷ್ಯರ ಕಿವಿಗೆ ಸಾಮಾನ್ಯವಾಗಿ ನಿಲುಕದ ಸದ್ದನ್ನು ಗಾಳಿಯಂತ್ರ ಹೊರಡಿಸುವುದು ನಿಜ. ಸಿಡ್ನಿಯ ವೂಲ್‌ಕಾಕ್ ಸಂಸ್ಥೆಯ ಸಂಶೋಧಕರು ಸದ್ದಿಗೆ ಬೇಗ ಕಿರಿಕಿರಿಗೊಳ್ಳುವ ಸ್ವಭಾವದ 37 ಆರೋಗ್ಯವಂತರನ್ನು ನಿದ್ರಾ ಪ್ರಯೋಗಾಲಯದಲ್ಲಿ 72 ಗಂಟೆಗಳ ಅವಧಿಗಳಿಗೆ ಇರಿಸಿ ನೋಡಿದರು. ಒಂದು ಸರದಿಯಲ್ಲಿ ಇಂಥ ಕೇಳದ ಸದ್ದು, ಒಂದರಲ್ಲಿ ಬರೀ ಮೌನ, ಇನ್ನೊಂದರಲ್ಲಿ ರಸ್ತೆಯ ವಾಹನಗಳ ಸದ್ದು. 2023ರಲ್ಲಿ ಪ್ರಕಟವಾದ ಫಲಿತಾಂಶದಂತೆ ಕೇಳದ ಸದ್ದಿಗೂ ಮೌನಕ್ಕೂ ದೇಹದ ಮಟ್ಟಿಗೆ ವ್ಯತ್ಯಾಸ ಕಾಣಲಿಲ್ಲ, ನಿದ್ದೆ ಕೆಡಿಸಿದ್ದು ವಾಹನಗಳು. ಇದಕ್ಕೂ ಮುಂಚೆ ಆಕ್ಲೆಂಡ್ ವಿಶ್ವವಿದ್ಯಾಲಯದಲ್ಲಿ 54 ಜನರ ಮೇಲೆ ನಡೆದ ಪ್ರಯೋಗ ಇನ್ನೊಂದು ಮಗ್ಗುಲನ್ನು ತೆರೆದಿಟ್ಟಿತ್ತು. ಕೇಳದ ಸದ್ದು ರೋಗ ತರುತ್ತದೆ ಎಂಬ ವಿಡಿಯೋ ಮೊದಲೇ ನೋಡಿದವರಿಗೆ ಸದ್ದು ಇದ್ದಾಗಲೂ ತಲೆನೋವು, ಹೊಟ್ಟೆತೊಳಸುಗಳಂಥ ಲಕ್ಷಣಗಳು ಹೆಚ್ಚಿದವು, ಇಲ್ಲದಾಗಲೂ ಹೆಚ್ಚಿದವು. ಅವರ ನೋವು ಸುಳ್ಳಲ್ಲ, ಅದರ ಮೂಲ ಅಂಜಿಕೆ.

ಕೇಳುವ ಸದ್ದಿನ ಮಾತು ಹಾಗಲ್ಲ. ಕೆನಡಾದ ಆರೋಗ್ಯ ಇಲಾಖೆ 1,238 ಜನರನ್ನು ಪರೀಕ್ಷಿಸಿ 2014ರಲ್ಲಿ ಹೇಳಿದ್ದೂ ಇದನ್ನೇ: ಯಂತ್ರದ ಸದ್ದಿಗೂ ಕಾಯಿಲೆಗೂ ನಂಟು ಕಾಣಲಿಲ್ಲ, ಆದರೆ ಸದ್ದು ಹೆಚ್ಚಿದಷ್ಟೂ ಕಿರಿಕಿರಿ ಹೆಚ್ಚಿತು. ಭಾರತದ ನಿಯಮದಂತೆ ವಸತಿ ಪ್ರದೇಶದಲ್ಲಿ ರಾತ್ರಿಯ ಮಿತಿ 45 ಡೆಸಿಬೆಲ್. ಚಳಿದೇಶಗಳಲ್ಲಿ ಜನ ಕಿಟಕಿ ಮುಚ್ಚಿಕೊಂಡು ಮಲಗುತ್ತಾರೆ, ಗೋಡೆಗಳು ಸದ್ದನ್ನು ತಡೆಯುತ್ತವೆ. ರಾಮದುರ್ಗ, ಸವದತ್ತಿಯ ಹಳ್ಳಿಗಳಲ್ಲಿ ಬೇಸಿಗೆ ಬಂತೆಂದರೆ ಜನ ಮಾಳಿಗೆಯ ಮೇಲೆ, ಅಂಗಳದಲ್ಲಿ ಹಾಸಿಗೆ ಹಾಸುತ್ತಾರೆ. ಅವರ ನಿದ್ದೆಗೂ ಸದ್ದಿಗೂ ನಡುವೆ ಗೋಡೆಯಿಲ್ಲ. ಹೊರದೇಶದ ಅಳತೆಗಳನ್ನು ಇಲ್ಲಿಗೆ ತರುವಾಗ ಈ ವ್ಯತ್ಯಾಸವನ್ನು ಮರೆಯುವಂತಿಲ್ಲ. ಇಳಿಬಿಸಿಲಿನಲ್ಲಿ ಮನೆಯ ಮೇಲೆ ಹಾಯುವ ರೆಕ್ಕೆಯ ನೆರಳಿನಿಂದ ಮೂರ್ಛೆರೋಗ ಕೆರಳೀತೆಂಬ ಭಯಕ್ಕೆ ಮಾತ್ರ ಲೆಕ್ಕವೇ ಉತ್ತರ. ನಿಮಿಷಕ್ಕೆ 18 ಸುತ್ತಿನ ಮೂರು ರೆಕ್ಕೆಗಳ ನೆರಳು ಸೆಕೆಂಡಿಗೆ ಒಮ್ಮೆಯೂ ಹಾಯುವುದಿಲ್ಲ. ಮೂರ್ಛೆ ಕೆರಳಿಸುವ ಮಿನುಗು ಸೆಕೆಂಡಿಗೆ ಮೂರಕ್ಕಿಂತ ಹೆಚ್ಚಿರಬೇಕು.

ಫ್ಯಾನುಗಳು ಮಳೆಮೋಡವನ್ನು ಓಡಿಸುತ್ತವೆ ಎಂಬ ಮಾತು ಬರದ ವರ್ಷಗಳಲ್ಲಿ ಉತ್ತರ ಕರ್ನಾಟಕದ ಹೊಲಗಳಲ್ಲಿ ಕೇಳಿಬರುತ್ತದೆ. ಮಳೆಗಾಗಿ ಆಕಾಶ ನೋಡುವವರು ಕಣ್ಣಿಗೆ ಬಿದ್ದ ಹೊಸ ವಸ್ತುವನ್ನು ಅನುಮಾನಿಸುವುದು ಸಹಜ. ಆದರೆ 80 ಮೀಟರ್ ಕಂಬದ ಮೇಲಿನ ರೆಕ್ಕೆಯ ತುದಿ ನೆಲದಿಂದ 120 ಮೀಟರ್ ಮೇಲಕ್ಕೆ ಹೋಗುವುದಿಲ್ಲ, ಮಳೆ ತರುವ ಮೋಡಗಳು ಹಲವು ಕಿಲೋಮೀಟರ್ ಎತ್ತರಕ್ಕೆ ಬೆಳೆದಿರುತ್ತವೆ. ಯಂತ್ರಗಳ ಪರಿಣಾಮ ನೆಲದ ಹತ್ತಿರದಲ್ಲಿದೆ. ಟೆಕ್ಸಾಸಿನ ದೊಡ್ಡ ಗಾಳಿಕ್ಷೇತ್ರಗಳ ಉಪಗ್ರಹ ಅಳತೆಗಳು, ಸುತ್ತಲಿನ ಪ್ರದೇಶಕ್ಕೆ ಹೋಲಿಸಿದರೆ ಅಲ್ಲಿನ ನೆಲ ರಾತ್ರಿ ಹೊತ್ತು ಸ್ವಲ್ಪ ಬೆಚ್ಚಗಾದದ್ದನ್ನು 2012ರಲ್ಲಿ ತೋರಿಸಿದವು. ರಾತ್ರಿ ನೆಲದ ಹತ್ತಿರ ತಂಪುಗಾಳಿ, ಮೇಲೆ ಬೆಚ್ಚನೆಯ ಗಾಳಿ ಇರುತ್ತದೆ. ಚಕ್ರ ಅವೆರಡನ್ನೂ ಕಲಸುತ್ತದೆ.

ನಿಜವಾಗಿ ದೂರ ಸರಿಯುವುದು ಬೇಟೆಹಕ್ಕಿಗಳು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮಾರಿಯಾ ಥೇಕರ್ ಮತ್ತು ಸಂಗಡಿಗರು ಸಾತಾರಾ ಜಿಲ್ಲೆಯ ಚಾಳಕೇವಾಡಿ ಪ್ರಸ್ಥಭೂಮಿಯಲ್ಲಿ ನಡೆಸಿದ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಅದೇ ಮುಂಗಾರು ಗಾಳಿಯ ಸಹ್ಯಾದ್ರಿ ನೆಲ ಅದು. ಯಂತ್ರಗಳಿರುವ ಕಡೆ ಬೇಟೆಹಕ್ಕಿಗಳು ಸುಮಾರು ನಾಲ್ಕು ಪಟ್ಟು ಕಡಿಮೆಯಾಗಿದ್ದವು. ಹದ್ದು ಗಿಡುಗಗಳ ಭಯ ತಗ್ಗಿದ್ದರಿಂದ, ಗಂಟಲಲ್ಲಿ ಬಣ್ಣದ ಬೀಸಣಿಗೆ ಬಿಚ್ಚುವ ಅಲ್ಲಿನ ಓತಿಕ್ಯಾತಗಳ ಸಂಖ್ಯೆ ಏರಿತ್ತು. ಅವುಗಳ ರಕ್ತದಲ್ಲಿ ಒತ್ತಡದ ಹಾರ್ಮೋನು ಇಳಿದಿತ್ತು, ಮನುಷ್ಯರು ಹತ್ತಿರ ಬಂದರೂ ಅವು ಬೇಗ ಓಡುತ್ತಿರಲಿಲ್ಲ. ಆದರೆ ಇದ್ದ ಆಹಾರಕ್ಕೆ ಪೈಪೋಟಿ ಹೆಚ್ಚಿ ಮೈ ಸೊರಗಿತ್ತು, ಗಂಡುಗಳ ಬಣ್ಣ ಮಾಸಿತ್ತು. ಹುಲಿ ಕಾಡಿನಲ್ಲಿ ಮಾಡುವಂಥ ಕೆಲಸವನ್ನು ಪ್ರಸ್ಥಭೂಮಿಯಲ್ಲಿ ಯಂತ್ರಗಳು ಮಾಡುತ್ತಿದ್ದವು, ಆಹಾರಸರಪಳಿಯ ತುತ್ತತುದಿಯಲ್ಲಿ ಕುಳಿತು ಕೆಳಗಿನ ಎಲ್ಲವನ್ನೂ ಬದಲಿಸುತ್ತಿದ್ದವು.

ಗಾಳಿಯಂತ್ರದ ದೊಡ್ಡ ಕೊರತೆ ಎಂದರೆ, ಅದು ಬೇಕೆಂದಾಗ ತಿರುಗುವುದಿಲ್ಲ. ಆಷಾಢದ ನಡುರಾತ್ರಿ ಗುಡ್ಡದ ಮೇಲೆ ಗಾಳಿ ಭೋರೆನ್ನುವಾಗ ಪಂಪ್‌ಸೆಟ್ಟುಗಳು ನಿಂತಿರುತ್ತವೆ, ಏಪ್ರಿಲ್ ಮಧ್ಯಾಹ್ನ ಎಲ್ಲರಿಗೂ ವಿದ್ಯುತ್ ಬೇಕಾದಾಗ ಗಾಳಿ ಸುಸ್ತಾಗಿರುತ್ತದೆ. ಇದರಲ್ಲಿ ರಾತ್ರಿಗೂ ಹಗಲಿಗೂ ನಡುವಣ ಅಂತರವನ್ನಾದರೂ ತುಂಬುವ ಒಂದು ದಾರಿ ಸವದತ್ತಿಯಲ್ಲೇ ಇದೆ. ನವಿಲುತೀರ್ಥದ ರೇಣುಕಾಸಾಗರ ಜಲಾಶಯವನ್ನು ಕೆಳಗಿನ ಕೆರೆಯಾಗಿ ಬಳಸಿಕೊಂಡು, ಗುಡ್ಡದ ಮೇಲೆ ಇನ್ನೊಂದು ಜಲಾಶಯ ಕಟ್ಟುವ ಗ್ರೀನ್‌ಕೋ ಸಂಸ್ಥೆಯ ಯೋಜನೆಗೆ ಮೊದಲು ಗೊತ್ತುಪಡಿಸಿದ ಸಾಮರ್ಥ್ಯ 1,260 ಮೆಗಾವಾಟ್. ವಿದ್ಯುತ್ ಹೆಚ್ಚಾದಾಗ ನೀರನ್ನು ಮೇಲಕ್ಕೆ ಎತ್ತುವುದು, ಬೇಕಾದಾಗ ಅದೇ ನೀರನ್ನು ಕೆಳಕ್ಕೆ ಬಿಟ್ಟು ಟರ್ಬೈನು ತಿರುಗಿಸುವುದು ಇದರ ಕ್ರಮ. ಇಂಥ ವ್ಯವಸ್ಥೆಯಲ್ಲಿ 100 ಯೂನಿಟ್ ಖರ್ಚು ಮಾಡಿ ಎತ್ತಿದ ನೀರು ಇಳಿಯುವಾಗ 75ರಿಂದ 80 ಯೂನಿಟ್ ಹಿಂದಿರುಗಿಸುತ್ತದೆ.