ಕಾಲೇಜಿನ ಲಾಜಿಕ್ ಮತ್ತು ನಮ್ಮ ಆಚಾರ್ಯರ ತರ್ಕ

1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಆರಂಭವಾದಾಗ ವಿಜ್ಞಾನದ ಪದವಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿಗೂ ಕಲಾ ವಿಷಯಗಳ ಪದವಿ ಮೈಸೂರಿನ ಮಹಾರಾಜ ಕಾಲೇಜಿಗೂ ಸೇರಿದವು. ತುಮಕೂರು ಕಡೆಯ ಹುಡುಗನೊಬ್ಬ ತತ್ತ್ವಶಾಸ್ತ್ರ ಓದಬೇಕೆಂದರೆ ಬೆಂಗಳೂರು ದಾಟಿ ಮೈಸೂರಿಗೇ ಹೋಗಬೇಕಿತ್ತು.

ಆ ಕಾಲದ ಕಾಲೇಜುಗಳಲ್ಲಿ ತರ್ಕ ಎಂದರೆ ಇಂಗ್ಲಿಷಿನ ಲಾಜಿಕ್. ಅರಿಸ್ಟಾಟಲನಿಂದ ಬಂದ ಮೂರು ವಾಕ್ಯಗಳ ಅನುಮಾನ ಅದರ ತಿರುಳು: ಮನುಷ್ಯರೆಲ್ಲ ಸಾಯುವವರು, ಸಾಕ್ರೆಟಿಸ್ ಮನುಷ್ಯ, ಆದ್ದರಿಂದ ಅವನೂ ಸಾಯುವವನು. ಭಾರತದಲ್ಲಿ ಬಹಳ ಬಳಕೆಯಲ್ಲಿದ್ದ ಪಠ್ಯಗಳಲ್ಲಿ ಒಂದು 1870ರಲ್ಲಿ ಬಂದ ಜೆವನ್ಸರ ಪುಸ್ತಕ. ವಕೀಲಿಕೆಗೋ ಸರ್ಕಾರಿ ನೌಕರಿಗೋ ಹೋಗುವವರ ಬುದ್ಧಿಯನ್ನು ಈ ವಿಷಯ ಹದಗೊಳಿಸುತ್ತದೆ ಎಂಬ ನಂಬಿಕೆಯಿತ್ತು. ಇತ್ತ ಸಂಸ್ಕೃತ ಪಾಠಶಾಲೆಗಳಲ್ಲಿ ಪಂಡಿತರು ನ್ಯಾಯಶಾಸ್ತ್ರದ ತರ್ಕವನ್ನು ತಮ್ಮ ರೀತಿಯಲ್ಲಿ ಹೇಳಿಕೊಡುತ್ತಿದ್ದರು. ಒಂದೇ ಊರಿನಲ್ಲಿ ಎರಡು ತರ್ಕ.

ಜೈನ ತರ್ಕದ ಗತಿ ಏನು? ಜೆವನ್ಸರಲ್ಲಿ ಮಾಣಿಕ್ಯನಂದಿಯ ಹೆಸರಿಲ್ಲ, ಇರುವ ನಿರೀಕ್ಷೆಯೂ ಬೇಡ. ಆದರೆ ಮೈಸೂರಿನಿಂದ ಹೆಚ್ಚು ದೂರವಿಲ್ಲದ ಶ್ರವಣಬೆಳಗೊಳದಲ್ಲಿ, ಚಂದ್ರಗಿರಿಯ ಪಾರ್ಶ್ವನಾಥ ಬಸದಿಯ ಕಂಬದ ಮೇಲೆ 1129ರ ಮಲ್ಲಿಷೇಣ ಪ್ರಶಸ್ತಿ ಇದೆ. ಅದು ಬಹುಮಟ್ಟಿಗೆ ವಾದಿಗಳ ಪಟ್ಟಿಯೇ ಸರಿ. 'ತ್ರಿಲಕ್ಷಣಕದರ್ಥನ' ರಚಿಸಿದ ಪಾತ್ರಕೇಸರಿಯ ಹೊಗಳಿಕೆ ಅದರಲ್ಲಿದೆ. ಆ ಗ್ರಂಥ ಇಂದು ಸಿಗುವುದಿಲ್ಲ, ವಾದ ಮಾತ್ರ ಉಳಿದಿದೆ.

ಒಳ್ಳೆಯ ಹೇತುವಿಗೆ ಮೂರು ಲಕ್ಷಣ ಬೇಕೆಂದು ಬೌದ್ಧ ತಾರ್ಕಿಕರು ಹೇಳಿದ್ದರು: ಅದು ಪಕ್ಷದಲ್ಲಿರಬೇಕು, ಅಂಥ ಬೇರೆ ಕಡೆಯೂ ಇರಬೇಕು, ಅಲ್ಲದ ಕಡೆ ಇರಬಾರದು. ಮೂರು ಬೇಡ, ಒಂದೇ ಸಾಕು ಎಂದ ಪಾತ್ರಕೇಸರಿ. ಸಾಧ್ಯವಿಲ್ಲದೆ ಹೇತು ಇರಲಾರದು ಎಂಬುದೇ ಆ ಒಂದು ಲಕ್ಷಣ. ಜೈನ ಗ್ರಂಥಗಳು ಕೊಡುವ ಉದಾಹರಣೆ ಸೊಗಸಾಗಿದೆ: ಕೃತ್ತಿಕೆ ಮೂಡಿದೆ, ಇನ್ನು ರೋಹಿಣಿ ಮೂಡುತ್ತದೆ. ಕೃತ್ತಿಕೆಯ ಉದಯ ರೋಹಿಣಿಯಲ್ಲಿ ಇರುವ ಗುಣವಲ್ಲ, ಆದರೂ ಅನುಮಾನ ತಪ್ಪುವುದಿಲ್ಲ. ಮೊದಲ ಲಕ್ಷಣ ಇಲ್ಲೇ ಬಿದ್ದುಹೋಗುತ್ತದೆ.

ಇದೇ ದಾರಿಯಲ್ಲಿ ಮಾಣಿಕ್ಯನಂದಿ ಆಚಾರ್ಯರು ಅನುಮಾನದ ಅವಯವಗಳನ್ನೂ ಕಡಿಮೆ ಮಾಡಿದರು. ತುಮಕೂರಿನ ಉಪ್ಪಾರಹಳ್ಳಿಯವರೊಬ್ಬರಿಗೆ ಮಂದರಗಿರಿಯ ಮೇಲೆ ಹೊಗೆ ಕಂಡಿತೆನ್ನಿ. ನೈಯಾಯಿಕರು ಐದು ಮಾತು ಹೇಳುತ್ತಾರೆ: ಬೆಟ್ಟದಲ್ಲಿ ಬೆಂಕಿಯಿದೆ, ಹೊಗೆ ಇರುವುದರಿಂದ, ಅಡುಗೆಮನೆಯ ಒಲೆಯಲ್ಲಿರುವಂತೆ, ಇಲ್ಲಿಯೂ ಅಂಥ ಹೊಗೆಯಿದೆ, ಆದ್ದರಿಂದ ಬೆಂಕಿಯಿದೆ. ಮೊದಲ ಎರಡೇ ಸಾಕು ಎನ್ನುತ್ತದೆ 'ಪರೀಕ್ಷಾಮುಖ'. ಉಳಿದ ಮೂರನ್ನು ಎಳೆಯ ಶಿಷ್ಯರಿಗಾಗಿ ಶಾಸ್ತ್ರ ಹೇಳಿಕೊಡುವಾಗ ಬಳಸಬಹುದು, ವಾದಸಭೆಯಲ್ಲಿ ಬೇಡ ಎಂಬ ಮಾತೂ ಅಲ್ಲಿದೆ. ಪಾಠಕ್ಕೂ ವಾದಕ್ಕೂ ಇರುವ ಈ ವ್ಯತ್ಯಾಸವನ್ನು ಪಾಠ ಹೇಳುವವರೆಲ್ಲ ಬಲ್ಲರು; ತರ್ಕಗ್ರಂಥವೊಂದು ಅದನ್ನು ಸೂತ್ರದಲ್ಲಿಯೇ ಇಟ್ಟಿರುವುದು ನನಗೆ ಬಹಳ ಮೆಚ್ಚುಗೆಯಾದ ಸಂಗತಿ.

ಈ ವಿದ್ಯೆ ವಿಶ್ವವಿದ್ಯಾನಿಲಯಗಳಿಗೆ ಬಂದದ್ದು ಬೇರೆ ಬಾಗಿಲಿನಿಂದ. ಕಲ್ಕತ್ತೆಯ ಸತೀಶಚಂದ್ರ ವಿದ್ಯಾಭೂಷಣರು 1909ರಲ್ಲಿ ಮಧ್ಯಯುಗದ ಭಾರತೀಯ ತರ್ಕದ ಚರಿತ್ರೆ ಬರೆದು ಅದರಲ್ಲಿ ಜೈನರಿಗೂ ಬೌದ್ಧರಿಗೂ ಪ್ರತ್ಯೇಕ ಭಾಗಗಳನ್ನು ಕೊಟ್ಟರು. ಅದೇ ವರ್ಷ ಅನಂತವೀರ್ಯರ ವೃತ್ತಿಯೊಡನೆ ಪರೀಕ್ಷಾಮುಖವನ್ನೂ ಸಂಪಾದಿಸಿದರು. ಮೈಸೂರಿನಲ್ಲಿ ಎ. ಆರ್. ವಾಡಿಯಾ ತತ್ತ್ವಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. 1918ರಿಂದ 1921ರವರೆಗೆ ರಾಧಾಕೃಷ್ಣನ್ ಅಲ್ಲಿದ್ದರು. ಸಂಸ್ಕೃತ ಪ್ರಾಧ್ಯಾಪಕರಾಗಿದ್ದ ಎಂ. ಹಿರಿಯಣ್ಣನವರು ತಮ್ಮ ಮೈಸೂರಿನ ಉಪನ್ಯಾಸಗಳ ಆಧಾರದ ಮೇಲೆ ಬರೆದ ಭಾರತೀಯ ತತ್ತ್ವಶಾಸ್ತ್ರದ ಗ್ರಂಥ 1932ರಲ್ಲಿ ಪ್ರಕಟವಾಯಿತು. ಅದರಲ್ಲಿ ಜೈನದರ್ಶನಕ್ಕೆ ಒಂದು ಅಧ್ಯಾಯವೇ ಇದೆ. ಹೀಗೆ ಸ್ಯಾದ್ವಾದ ತರಗತಿಗೆ ಬಂತು, ಆದರೆ ದರ್ಶನವಾಗಿ. ಅದನ್ನು ತರ್ಕವೆಂದು, ಜೆವನ್ಸರ ಪಕ್ಕದಲ್ಲಿಟ್ಟು ತೂಗಿ ನೋಡುವ ಪದ್ಧತಿ ಬೆಳೆಯಲಿಲ್ಲ. ನಷ್ಟ ನಮ್ಮದಷ್ಟೇ ಅಲ್ಲ, ಲಾಜಿಕ್ ಓದಿದವರದೂ ಹೌದು.

ಪರೀಕ್ಷಾಮುಖಕ್ಕೆ ಚಾರುಕೀರ್ತಿ ಪಂಡಿತಾಚಾರ್ಯರು ಬರೆದ ವ್ಯಾಖ್ಯಾನ 'ಪ್ರಮೇಯರತ್ನಾಲಂಕಾರ'. ಎ. ಶಾಂತಿರಾಜ ಶಾಸ್ತ್ರಿಗಳ ಸಂಪಾದನೆಯಲ್ಲಿ ಅದು ಮೈಸೂರಿನಿಂದ ಅಚ್ಚಾದದ್ದು 1948ರಲ್ಲಿ. ಓದಲು ತೊಡಗುವವರು ಮೊದಲು ಮೂಲವನ್ನೇ ಹಿಡಿಯುವುದು ಒಳ್ಳೆಯದು: ಆರು ಸಮುದ್ದೇಶಗಳ ಚಿಕ್ಕ ಪುಸ್ತಕ. ಅನುಮಾನದ ವಿಷಯವೆಲ್ಲ ಮೂರನೆಯದರಲ್ಲಿದೆ.