ಬೆಣ್ಣೆ ದೋಸೆಗೆ ಸರ್ಕಾರದ ಮಣೆ: ಮುದ್ರೆ ಯಾರ ಕೈಗೆ?

ದಾವಣಗೆರೆ: ಬೆಳಗಿನ ಹೊತ್ತು ಈ ಊರಿನ ಯಾವುದೇ ದೋಸೆ ಹೋಟೆಲಿನ ಬಾಗಿಲಲ್ಲಿ ನಿಂತರೂ ಕಿವಿಗೆ ಬೀಳುವುದು ಒಂದೇ ಕೂಗು: "ಎರಡು ಬೆಣ್ಣೆ, ಒಂದು ಖಾಲಿ, ಒಂದು ಓಪನ್!" ಹರಿಹರದ ಬಸ್ಸು ಹಿಡಿಯುವವರು, ಅಂಗಡಿ ಬಾಗಿಲು ತೆಗೆಯುವ ಮುಂಚೆ ಹೊಟ್ಟೆ ಗಟ್ಟಿ ಮಾಡಿಕೊಳ್ಳುವವರು, ಎಲ್ಲರ ಕಣ್ಣೂ ಕಾವಲಿಯ ಮೇಲೆಯೇ. ಇಂಥ ದೋಸೆಗೆ ಸರ್ಕಾರದ ಸರ್ಟಿಫಿಕೇಟು ಯಾಕ್ರೀ ಬೇಕು ಎನ್ನುವವರಿದ್ದಾರೆ. ಕೇಳುವುದು ತಪ್ಪಲ್ಲ.

ಓದುಗರಿಗೆ ನೆನಪಿರಬಹುದು. 2023ರ ಡಿಸೆಂಬರಿನಲ್ಲಿ ಜಿಲ್ಲಾಡಳಿತವೇ ಮುಂದೆ ನಿಂತು ಬೆಣ್ಣೆ ದೋಸೆ ಉತ್ಸವ ಹಮ್ಮಿಕೊಂಡಿತು. ದೋಸೆಯನ್ನು ಊರಿನ ಬ್ರ್ಯಾಂಡ್ ಮಾಡಬೇಕೆಂಬುದು ಉದ್ದೇಶ. ಒಳ್ಳೆಯದೇ ಆಯಿತು. ಆದರೆ ಉತ್ಸವದ ಪೆಂಡಾಲು ಬಿಚ್ಚಿದ ಮೇಲೆ ಕೈಯಲ್ಲಿ ಉಳಿಯುವುದೇನು? ಬೆಂಗಳೂರಿಗೆ ಹೋದವರು ನೋಡಿಯೇ ಇರುತ್ತಾರೆ. ಗಲ್ಲಿಗೊಂದು 'ದಾವಣಗೆರೆ ಬೆಣ್ಣೆ ದೋಸೆ' ಬೋರ್ಡು. ಕೆಲವರು ಇಲ್ಲಿಂದಲೇ ಹೋದ ಭಟ್ಟರು, ಕೈ ಪಳಗಿದವರು. ಇನ್ನು ಕೆಲವರದು ದಾವಣಗೆರೆಯನ್ನು ರೈಲಿನ ಕಿಟಕಿಯಲ್ಲಷ್ಟೇ ಕಂಡ ದೋಸೆ! ಬೆಣ್ಣೆಯ ಹೆಸರಲ್ಲಿ ವನಸ್ಪತಿ ಸವರಿದರೂ ಕೆಡುವುದು ಈ ಊರಿನ ಹೆಸರು.

ಇದಕ್ಕೆ ಕಾನೂನಿನ ದಾರಿ ಇಲ್ಲದಿಲ್ಲ. ಜಿ.ಐ. ಮಾನ್ಯತೆ, ಅಂದರೆ ಭೌಗೋಳಿಕ ಗುರುತು. 1999ರ ಕಾಯ್ದೆ, 2003ರಲ್ಲಿ ಜಾರಿಗೆ ಬಂತು. ರಿಜಿಸ್ಟ್ರಿ ಇರುವುದು ಚೆನ್ನೈಯಲ್ಲಿ. ನಮ್ಮ ನೆರೆಯ ಧಾರವಾಡದ ಪೇಢಾಕ್ಕೆ ಈ ಮುದ್ರೆ ಇದೆ. ಪೇಢಾ ಡಬ್ಬಿಯಲ್ಲಿ ಕೂರುವ ಸಾಮಾನು, ಬಿಸಿ ಬಿಸಿ ಹೋಟೆಲ್ ತಿಂಡಿಗೆ ಸಿಕ್ಕೀತೇ ಎಂದರೆ, ಹೈದರಾಬಾದಿನ ಹಲೀಮು ತಯಾರಕರು ಸಂಘ ಕಟ್ಟಿಕೊಂಡು 2010ರಲ್ಲಿ ಪಡೆದು ತೋರಿಸಿದ್ದಾರೆ.

ಸಂಘ ಎಂಬಲ್ಲೇ ಗಂಟು ಇರುವುದು. ಈ ಮುದ್ರೆ ಒಬ್ಬ ಮಾಲೀಕನಿಗೆ ಸಿಗುವಂಥದ್ದಲ್ಲ. ತಯಾರಕರೆಲ್ಲರ ಪರವಾಗಿ ಅರ್ಜಿ ಹೋಗಬೇಕು. ಮುದ್ರೆ ಬಂದ ಮೇಲೂ ಒಬ್ಬೊಬ್ಬ ಹೋಟೆಲಿನವರು ಅಧಿಕೃತ ಬಳಕೆದಾರರೆಂದು ಬೇರೆಯಾಗಿ ಹೆಸರು ಬರೆಸಬೇಕು. ಹತ್ತು ವರ್ಷಕ್ಕೊಮ್ಮೆ ನವೀಕರಣ. ದೊಡ್ಡ ಹೋಟೆಲಿಗೆ ವಕೀಲರಿದ್ದಾರೆ, ಆಡಿಟರ್ ಇದ್ದಾರೆ. ನಾಲ್ಕು ಬೆಂಚು, ಒಂದು ಕಾವಲಿ ಇಟ್ಟುಕೊಂಡು ಬೆಳಿಗ್ಗೆ ಸೌದೆ ಒಲೆ ಊದುವವನು ಫಾರಂ ತುಂಬಲು ಎಲ್ಲಿಗೆ ಹೋಗಬೇಕು? ಅವನ ಹೆಸರು ಬಿಟ್ಟುಹೋದರೆ ತನ್ನೂರಿನ ದೋಸೆಯನ್ನು ತನ್ನೂರಿನ ಹೆಸರಿನಲ್ಲಿ ಮಾರಲು ಅವನೇ ಹಿಂಜರಿಯಬೇಕಾದೀತು.

ಅರ್ಜಿಯಲ್ಲಿ ದೋಸೆಯ ಚರಿತ್ರೆಯನ್ನೂ ಕೇಳುತ್ತಾರೆ. 1928ರ ಸುಮಾರಿಗೆ ಬೆಳಗಾವಿ ಸೀಮೆಯಿಂದ ಮಕ್ಕಳನ್ನು ಕಟ್ಟಿಕೊಂಡು ಬಂದ ಚೆನ್ನಮ್ಮ ವಸಂತ ಟಾಕೀಸಿನ ಹತ್ತಿರ, ನಾಟಕದ ಥಿಯೇಟರಿನ ಮುಂದೆ, ರಾಗಿ ದೋಸೆಗೆ ಬೆಣ್ಣೆ ಹಾಕಿ ಮಾರುತ್ತಿದ್ದಳೆಂದೂ, ಅಕ್ಕಿ ಹಿಟ್ಟಿಗೆ ಬದಲಾಯಿಸಿದ್ದು ಮಕ್ಕಳ ಕಾಲದಲ್ಲೆಂದೂ ಊರಿನಲ್ಲಿ ಹೇಳಿಕೊಂಡು ಬಂದಿದ್ದಾರೆ. ನಾಟಕ ನೋಡಲು ಬಂದವರು, ಹತ್ತಿ ಗಿರಣಿಯ ಊರಿನ ಕೂಲಿಕಾರರು, ಇವರನ್ನೇ ನಂಬಿ ಬೆಳೆದ ತಿಂಡಿ ಇದು. ಗಿರಣಿಗಳು ಮುಚ್ಚಿದವು, ಒಲೆ ಆರಲಿಲ್ಲ.

ಇನ್ನು ತಯಾರಿಕೆಯ ವಿಧಾನ. ಅಕ್ಕಿ, ಉದ್ದಿನಬೇಳೆ ಎಲ್ಲ ಕಡೆಯೂ ಇದೆ. ಇಲ್ಲಿನ ಹಿಟ್ಟಿಗೆ ಮಂಡಕ್ಕಿ ಬೀಳುತ್ತದೆ. ಅಂಚು ಗರಿಗರಿ, ನಡುವೆ ಮೆತ್ತಗೆ ಬರುವುದರ ಗುಟ್ಟು ಅದರಲ್ಲೇ ಎನ್ನುತ್ತಾರೆ ಬಲ್ಲವರು. ಮಂಡಕ್ಕಿಗೆ ಈ ಊರು ದೂರ ಹೋಗಬೇಕಿಲ್ಲ. ಮಂಡಕ್ಕಿ ಭಟ್ಟಿ ಎಂದು ಬಡಾವಣೆಯೇ ಇದೆ. ಕಾದ ಮರಳಿನಲ್ಲಿ ಅಕ್ಕಿ ಅರಳಿಸುತ್ತ ಹೊಗೆಯಲ್ಲೇ ಬದುಕು ಸವೆಸಿದ ಮನೆತನಗಳು ಅಲ್ಲಿವೆ. 2016ರ ಜನವರಿಯಲ್ಲಿ ಸ್ಮಾರ್ಟ್ ಸಿಟಿಯ ಮೊದಲ 20 ಊರುಗಳ ಪಟ್ಟಿಗೆ ದಾವಣಗೆರೆ ಸೇರಿದಾಗ ಈ ಭಟ್ಟಿಗಳ ಸುಧಾರಣೆಯೂ ಯೋಜನೆಯಲ್ಲಿತ್ತು. ಹೊಗೆ ಕಮ್ಮಿಯಾಗಬೇಕು, ಸರಿ. ಆದರೆ ದೋಸೆಯ ಹೆಸರಿನಲ್ಲಿ ಮಾನ್ಯತೆ ಕೇಳುವಾಗ ಭಟ್ಟಿಯವರನ್ನು ಕರೆದು ಕೂರಿಸುವವರು ಯಾರು? ಕಾವಲಿಗೆ ಮಣೆ, ಭಟ್ಟಿಗೆ ನೋಟೀಸು ಎಂದಾದರೆ ಕಷ್ಟ.

ಬೆಣ್ಣೆ ಎಷ್ಟು, ಮಂಡಕ್ಕಿ ಎಷ್ಟು, ಒಲೆಗೆ ಸೌದೆಯೇ ಆಗಬೇಕೇ, ಗ್ಯಾಸೂ ಆದೀತೇ? ಇದನ್ನೆಲ್ಲ ಕಾಗದದ ಮೇಲೆ ಬರೆದುಕೊಡಬೇಕು. ಪಕ್ಕಪಕ್ಕದ ಎರಡು ಹೋಟೆಲಿನ ಪಲ್ಯವೇ ಒಂದೇ ರೀತಿ ಇರುವುದಿಲ್ಲ. ಮೊದಲು ಆ ಇಬ್ಬರು ಮಾಲೀಕರನ್ನು ಒಂದೇ ಬೆಂಚಿನ ಮೇಲೆ ಕೂರಿಸಬೇಕು, ಅದೂ ಬೆಳಗಿನ ವ್ಯಾಪಾರ ಮುಗಿದ ಮೇಲೆ.