ಇಮ್ಯುನೊಥೆರಪಿ ಯಾರಿಗೆ ಫಲ ನೀಡೀತು?

ಕ್ಯಾನ್ಸರಿಗೆ ಇಮ್ಯುನೊಥೆರಪಿ ಎಂಬ ಚಿಕಿತ್ಸೆಯ ಹೆಸರು ಈಗ ಹಳ್ಳಿಗಳವರೆಗೂ ತಲುಪಿದೆ. ಈ ಔಷಧಿಗಳು ಗಡ್ಡೆಯನ್ನು ನೇರವಾಗಿ ಕೊಲ್ಲುವುದಿಲ್ಲ. ನಮ್ಮ ರಕ್ಷಣಾ ವ್ಯವಸ್ಥೆಯ ಟಿ ಕೋಶಗಳಿಗೆ ಹುಟ್ಟಿನಿಂದಲೇ ಕೆಲವು ತಡೆಗಳಿವೆ. ಅವಿಲ್ಲದಿದ್ದರೆ ಆ ಕೋಶಗಳು ನಮ್ಮ ಅಂಗಾಂಗಗಳ ಮೇಲೆಯೇ ಎರಗುತ್ತಿದ್ದವು. ಕ್ಯಾನ್ಸರ್ ಕೋಶವು ಪಿಡಿ-ಎಲ್1 ಎಂಬ ಪ್ರೋಟೀನನ್ನು ಮುಂದೊಡ್ಡಿ ಅಂತಹ ಒಂದು ತಡೆಯನ್ನೇ ಒತ್ತಿ ಹಿಡಿಯುತ್ತದೆ. ಔಷಧಿಯು ಆ ಹಿಡಿತವನ್ನು ಬಿಡಿಸುತ್ತದೆ. ಈ ಮಾರ್ಗವನ್ನು ತೋರಿಸಿದ ಜೇಮ್ಸ್ ಆಲಿಸನ್ ಹಾಗೂ ತಾಸುಕು ಹೊಂಜೊ ಅವರಿಗೆ 2018ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತು.

ಆದರೆ ಎಲ್ಲರಿಗೂ ಇದರಿಂದ ಗುಣವಾಗದು. ಹೊಲ ಅಡವಿಟ್ಟು ಔಷಧಿ ಕೊಳ್ಳುವ ಕುಟುಂಬಕ್ಕೆ ಇದು ಸಣ್ಣ ಮಾತಲ್ಲ. ಆದ್ದರಿಂದಲೇ ಫಲವನ್ನು ಮುಂಚಿತವಾಗಿ ಅಂದಾಜಿಸುವ ಜೈವಿಕ ಸೂಚಕಗಳನ್ನು ವೈದ್ಯರು ಅರಸುತ್ತಾರೆ.

ಮೊದಲನೆಯದು ಪಿಡಿ-ಎಲ್1 ಪರೀಕ್ಷೆಯೇ. ಶ್ವಾಸಕೋಶದ ಕ್ಯಾನ್ಸರಿನ ಒಂದು ಮುಖ್ಯ ಬಗೆಯಲ್ಲಿ, ಶೇ. 50ಕ್ಕಿಂತ ಕಡಿಮೆಯಿಲ್ಲದಷ್ಟು ಕ್ಯಾನ್ಸರ್ ಕೋಶಗಳಲ್ಲಿ ಈ ಪ್ರೋಟೀನು ಕಂಡುಬಂದರೆ, ಕಿಮೊಥೆರಪಿಗಿಂತ ಪೆಂಬ್ರೊಲಿಜುಮಾಬ್ ಮೇಲೆಂದು 2016ರ ಅಧ್ಯಯನವೊಂದು ತೋರಿಸಿತು. ಆದರೂ ಈ ಅಳತೆಯನ್ನು ಪೂರ್ಣವಾಗಿ ನಂಬಲಾಗದು. ಒಂದೇ ಗಡ್ಡೆಯ ಎರಡು ಭಾಗಗಳಲ್ಲಿ ಬೇರೆ ಬೇರೆ ಫಲಿತಾಂಶ ಬರುವುದುಂಟು. ಪ್ರೋಟೀನು ಕಾಣದವರಲ್ಲಿಯೂ ಕೆಲವರು ಚೇತರಿಸಿಕೊಳ್ಳುತ್ತಾರೆ.

ನಮ್ಮ ಅಭಿಪ್ರಾಯದಲ್ಲಿ ಇದಕ್ಕಿಂತ ಗಟ್ಟಿಯಾದ ಸೂಚಕ ಇನ್ನೊಂದಿದೆ. ಕೋಶವು ವಿಭಜನೆಗೊಳ್ಳುವಾಗ ಡಿಎನ್‌ಎ ನಕಲಿನಲ್ಲಿ ತಪ್ಪುಗಳು ನುಸುಳುತ್ತವೆ; ಅವನ್ನು ತಿದ್ದುವ ಪ್ರೋಟೀನುಗಳು ಕೆಟ್ಟಿದ್ದರೆ ತಪ್ಪುಗಳು ರಾಶಿಯಾಗಿ, ಗಡ್ಡೆಯು ಟಿ ಕೋಶಗಳ ಕಣ್ಣಿಗೆ ಪರಕೀಯವಾಗಿ ಕಾಣುತ್ತದೆ. ಕ್ಯಾನ್ಸರ್ ಯಾವ ಅಂಗದಲ್ಲಿದ್ದರೂ ಸರಿ, ಮುಂದುವರಿದ ಹಂತದಲ್ಲಿ ಈ ದೋಷವುಳ್ಳವರಿಗೆ ಪೆಂಬ್ರೊಲಿಜುಮಾಬ್ ಕೊಡಬಹುದೆಂದು ಅಮೆರಿಕವು 2017ರಲ್ಲಿ ಒಪ್ಪಿತು. 2022ರಲ್ಲಿ ನ್ಯೂಯಾರ್ಕಿನ ಮೆಮೋರಿಯಲ್ ಸ್ಲೋನ್ ಕೆಟರಿಂಗ್ ಕೇಂದ್ರದಲ್ಲಿ ಗುದನಾಳದ ಕ್ಯಾನ್ಸರಿನ 12 ರೋಗಿಗಳ ಗಡ್ಡೆಯೂ ಡೊಸ್ಟಾರ್ಲಿಮಾಬ್ ಒಂದರಿಂದಲೇ ಕಾಣದಾಯಿತು. ಕ್ಯಾನ್ಸರಿಗೆ ಮದ್ದು ಸಿಕ್ಕಿತೆಂದು ಸುದ್ದಿಯಾಯಿತು. ಆ ಎಲ್ಲರಲ್ಲಿಯೂ ಈ ದೋಷವಿತ್ತೆಂಬುದು, ಗುದನಾಳದ ಕ್ಯಾನ್ಸರಿನಲ್ಲಿ ಅಂಥವರು ನೂರಕ್ಕೆ ಐದರಿಂದ ಹತ್ತು ಮಂದಿ ಮಾತ್ರವೆಂಬುದು ಹಲವರ ಕಿವಿಗೆ ಬೀಳಲಿಲ್ಲ.

ಈ ದೋಷವು ಕೆಲವರಲ್ಲಿ ವಂಶಪಾರಂಪರ್ಯವಾಗಿ ಬಂದಿರುತ್ತದೆ. ಆಗ ಒಡಹುಟ್ಟಿದವರೂ ಮಕ್ಕಳೂ ವೈದ್ಯರನ್ನು ಕಾಣುವುದು ಅವಶ್ಯ.

ಈ ಪರೀಕ್ಷೆಗಳಿಗೆ ಸಾಮಾನ್ಯವಾಗಿ ಹೊಸ ಬಯಾಪ್ಸಿ ಬೇಕಾಗದು. ಮೊದಲು ತೆಗೆದ ತುಣುಕನ್ನು ಮೇಣದಲ್ಲಿ ಹುದುಗಿಸಿ ಇಟ್ಟಿರುತ್ತಾರೆ. ಅದಕ್ಕೆ ಬ್ಲಾಕ್ ಎನ್ನುತ್ತಾರೆ. ಆಸ್ಪತ್ರೆ ಬದಲಿಸುವವರು ವರದಿಗಳೊಡನೆ ಆ ಬ್ಲಾಕನ್ನೂ ಕೇಳಿ ಪಡೆಯಬೇಕು.